ಮೊದಲು ಮಣಿಕಟ್ಟು, ಆಮೇಲೆ ಗಾಲಿ

ಏಪ್ರಿಲ್ ಎರಡನೇ ವಾರಕ್ಕೆ ಕರ್ನಾಟಕದ ಶಾಲೆಗಳು ಬಾಗಿಲು ಹಾಕುತ್ತವೆ. ಮಹಾರಾಷ್ಟ್ರದ ಶಾಲೆಗಳ ರಜೆಗೆ ಮೇ ಬರಬೇಕು. ಗಡಿಯಲ್ಲಿರುವ ನಮ್ಮ ಮನೆಗಳಿಗೆ ಹೀಗಾಗಿ ರಜೆ ಎರಡು ಕಂತಿನಲ್ಲಿ ಬರುತ್ತದೆ. ಮೊದಲು ಅಥಣಿ, ಕಾಗವಾಡ, ಉಗಾರದ ಮಕ್ಕಳು ಮಿರಜಕ್ಕೆ ಬರುತ್ತಾರೆ. ಆಮೇಲೆ ಮಿರಜ, ಸಾಂಗ್ಲಿಯ ಮಕ್ಕಳು ರಾಯಬಾಗ, ಚಿಕ್ಕೋಡಿಯ ಅಜ್ಜಿಯ ಮನೆ ಸೇರುತ್ತಾರೆ. ಎರಡೂ ಕಡೆಯ ಅಪ್ಪ-ಅಮ್ಮಂದಿರಿಗೆ, ಬೇಸಿಗೆ ಶಿಬಿರ ನಡೆಸುವವರಿಗೆ ಈಗಲೇ ಒಂದು ಮಾತು ಹೇಳಬೇಕಾಗಿದೆ. ಮಗುವಿನ ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ ಹೇಳಿ ಏನು ಬಂತು?

ಸ್ಕೇಟಿಂಗ್ ಬೂಟು ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿಯಲ್ಲಂತೂ ಅದು ಬೇರೂರಿ ಬಹಳ ವರ್ಷಗಳಾದವು. ಈಗ ಅದರ ಪಕ್ಕದಲ್ಲಿ ಒಂದು ಗಾಲಿಯ ಸೈಕಲ್ಲೂ ಬಂದು ನಿಂತಿದೆ. ಮೊಬೈಲಿನಲ್ಲಿ ಯಾರೋ ಕೈ ಚಾಚಿಕೊಂಡು ಹೊಡೆಯುವುದನ್ನು ಹುಡುಗ ನೋಡುತ್ತಾನೆ, ಆರ್ಡರ್ ಹೋಗುತ್ತದೆ, ಕೆಲವೇ ದಿನಕ್ಕೆ ಡಬ್ಬಿ ಮನೆಗೆ ಬರುತ್ತದೆ. ಡಬ್ಬಿಯಲ್ಲಿ ಗಾಲಿ, ಸೀಟು, ಪೆಡಲ್ ಇರುತ್ತವೆ. ಬಿದ್ದರೆ ಕೈ ಉಳಿಸುವ ಸಾಮಾನು, ಅಂದರೆ ಮಣಿಕಟ್ಟಿನ ಗಾರ್ಡ್, ಇರುವುದಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕು, ಮತ್ತು ಕೊಳ್ಳುವಾಗ ನಮ್ಮಲ್ಲಿ ಬಹುತೇಕರು ತಪ್ಪು ಸಾಮಾನನ್ನೇ ಕೊಳ್ಳುತ್ತಾರೆ. ಈ ಸಂಪಾದಕೀಯ ಅದರ ಬಗ್ಗೆ.

ಒಂದು ಗಾಲಿಯ ಸೈಕಲ್ ಎಂದರೆ ನಮಗೆ ನೆನಪಾಗುವುದು ಸರ್ಕಸ್. ಸರ್ಕಸ್ಸಿನ ವಿಷಯದಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಿಲ್ಲ. ಭಾರತೀಯ ಸರ್ಕಸ್ಸಿನ ಜನಕ ಎನಿಸಿಕೊಂಡ ವಿಷ್ಣುಪಂತ ಛತ್ರೆ ಸಾಂಗ್ಲಿ ಜಿಲ್ಲೆಯ ಅಂಕಲಖೋಪದವರು. ಕುರುಂದವಾಡ ಸಂಸ್ಥಾನದಲ್ಲಿ ಕುದುರೆ ಪಳಗಿಸುತ್ತಿದ್ದವರು, ಮುಂಬಯಿಗೆ ಬಂದಿದ್ದ ಇಟಲಿಯ ಕಿಯಾರಿನಿ ಕಂಪನಿಯ ಆಟ ನೋಡಿ 1880ರಲ್ಲಿ ತಮ್ಮದೇ ಗ್ರೇಟ್ ಇಂಡಿಯನ್ ಸರ್ಕಸ್ ಹೊರಡಿಸಿದರು. ಮಿರಜ ತಾಲ್ಲೂಕಿನ ಮ್ಹೈಸಾಳದಿಂದ ದೇವಲ್ ಸರ್ಕಸ್ ಹೊರಟಿತು. ಮ್ಹೈಸಾಳ ದಾಟಿದರೆ ಕಾಗವಾಡ, ಅಲ್ಲಿಂದ ಕನ್ನಡ ನಾಡೇ. ಡೇರೆಯೊಳಗೆ ಒಂದು ಗಾಲಿಯ ಮೇಲೆ ಕೂತು ಕಪ್ಪು-ಬಸಿ ತಲೆಗೇರಿಸುತ್ತಿದ್ದ ಹುಡುಗಿಯರ ಮಣಿಕಟ್ಟಿನಲ್ಲಿ ಪ್ಲಾಸ್ಟಿಕ್ ಗಾರ್ಡ್ ಇರುತ್ತಿರಲಿಲ್ಲ ನಿಜ. ಆದರೆ ಪಕ್ಕದಲ್ಲಿ ಉಸ್ತಾದ್ ಇರುತ್ತಿದ್ದರು, ಕೆಳಗೆ ಮಣ್ಣು ಮತ್ತು ಹೊಟ್ಟು ಇರುತ್ತಿತ್ತು, ವರ್ಷಗಟ್ಟಲೆ ನಸುಕಿನಲ್ಲೆದ್ದು ಬೀಳುವುದನ್ನೇ ಕಲಿತ ಮೈ ಇರುತ್ತಿತ್ತು. ಆ ಮೈಗೆ ತೆತ್ತ ಬೆಲೆಯೂ ಸಣ್ಣದಲ್ಲ. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದೇಶ ಕೊಟ್ಟಿತು. ಡೇರೆಯಿಂದ ಮಗುವನ್ನು ಬಿಡಿಸಿದೆವು. ಅದೇ ಸೈಕಲ್ಲನ್ನು ಈಗ ಉಸ್ತಾದ್ ಇಲ್ಲದೆ, ಹೊಟ್ಟು ಇಲ್ಲದೆ, ಕಾಲನಿಯ ಕಾಂಕ್ರೀಟ್ ರಸ್ತೆಯಲ್ಲಿ ನಮ್ಮ ಮಕ್ಕಳಿಗೆ ನಾವೇ ಕೊಡಿಸುತ್ತಿದ್ದೇವೆ.

ಈ ಸೈಕಲ್ ಬೀಳಿಸುವ ರೀತಿಯೇ ಬೇರೆ. ಎರಡು ಗಾಲಿಯದರಲ್ಲಿ ಪೆಡಲ್ ನಿಲ್ಲಿಸಿದರೆ ಗಾಲಿ ತನ್ನ ಪಾಡಿಗೆ ಉರುಳುತ್ತದೆ. ಇಲ್ಲಿ ಪೆಡಲಿನ ದಂಡ ಗಾಲಿಯ ಗುಂಭಕ್ಕೇ ಬಿಗಿದಿರುತ್ತದೆ, ಚೈನ್ ಇಲ್ಲ, ಫ್ರೀ ವ್ಹೀಲ್ ಇಲ್ಲ. ಕಾಲು ನಿಂತರೆ ಗಾಲಿಯೂ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಪೆಡಲ್ ಜಾರಿದರೆ ಗಾಲಿ ಮುಂದೆ ಚಿಮ್ಮಿ ಸವಾರ ಹಿಂದಕ್ಕೆ ಕೂತುಬಿಡುತ್ತಾನೆ. ಮುಂದಕ್ಕೆ ಬಿದ್ದಾಗ ಎರಡು ಹೆಜ್ಜೆ ಓಡಿ ಸಾವರಿಸಿಕೊಳ್ಳುವುದು ಹೆಚ್ಚಿನವರಿಗೆ ಬೇಗ ಬರುತ್ತದೆ. ಹಿಂದಕ್ಕೆ ಬೀಳುವಾಗ ಕಣ್ಣಿಗೆ ನೆಲ ಕಾಣುವುದಿಲ್ಲ, ಕೈ ತಾನಾಗಿ ಬೆನ್ನ ಹಿಂದೆ ಹೋಗಿ ಊರುತ್ತದೆ. ಹ್ಯಾಂಡಲ್ ಇಲ್ಲದ ಗಾಡಿ ಇದು, ಹಿಡಿದುಕೊಳ್ಳಲು ಏನೂ ಇಲ್ಲ. ಎರಡೂ ಕೈ ಮೊದಲಿನಿಂದ ಗಾಳಿಯಲ್ಲೇ ಇರುತ್ತವೆ, ಅಂದರೆ ಬೀಳುವಾಗ ನೆಲಕ್ಕೆ ಮೊದಲು ಹೋಗಲು ಸಿದ್ಧವಾಗೇ ಇರುತ್ತವೆ.

ಅಂಗೈ ನೆಲಕ್ಕೆ ಬಡಿದಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಮೈಭಾರವೆಲ್ಲ ಬಂದು ಮುಂದೋಳಿನ ದಪ್ಪ ಎಲುಬಿನ ತುದಿಯ ಮೇಲೆ ಕೂರುತ್ತದೆ. ಅಲ್ಲೇ ಮುರಿಯುತ್ತದೆ. ಡಬ್ಲಿನ್ನಿನ ವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ ಈ ಮುರಿತವನ್ನು ವಿವರಿಸಿದ. ಎಕ್ಸ್-ರೇ ಕಂಡುಹಿಡಿಯಲು ಇನ್ನೂ ಎಂಬತ್ತು ವರ್ಷವಿತ್ತು, ಕೈಯ ಆಕಾರ ನೋಡಿಯೇ ಹೇಳಿದ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಮುರಿಯುವ ಜಾಗವೂ ಇದೇ. ಬೆಳೆಯುವ ಮಕ್ಕಳಿಗೆ ಇದರಲ್ಲಿ ಇನ್ನೊಂದು ಅಪಾಯವಿದೆ. ಎಲುಬು ಉದ್ದಕ್ಕೆ ಬೆಳೆಯುವ ಮೆದು ಪಟ್ಟಿ ಈ ತುದಿಯ ಹತ್ತಿರವೇ ಇರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ, ಕೆಲವರಿಗೆ ಆ ಕೈ ಗಿಡ್ಡಾಗಿಯೋ ಓರೆಯಾಗಿಯೋ ಬೆಳೆಯುತ್ತದೆ.

ಹದಿನೈದು ದಾಟಿದ ಹುಡುಗರಿಗೆ ಮತ್ತೊಂದು ಕಂಟಕ. ಹೆಬ್ಬೆರಳಿನ ಬುಡದಲ್ಲಿ ಗೋಡಂಬಿಯಷ್ಟು ಸಣ್ಣ ಎಲುಬೊಂದಿದೆ, ವೈದ್ಯರು ಸ್ಕ್ಯಾಫಾಯ್ಡ್ ಎನ್ನುತ್ತಾರೆ. ಇದಕ್ಕೆ ರಕ್ತ ಬೆರಳಿನ ಕಡೆಯಿಂದ ಒಳಹೊಕ್ಕು ಮುಂದೋಳಿನ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಮುಂದೋಳಿನ ಕಡೆಯ ತುಂಡಿಗೆ ರಕ್ತ ಸಿಗದೆ ಅದು ಸತ್ತೇ ಹೋಗಬಹುದು. ಕೈ ಅಷ್ಟೇನೂ ಊದಿಕೊಳ್ಳುವುದಿಲ್ಲ, ಆಕಾರ ಕೆಡುವುದಿಲ್ಲ, ಮೊದಲ ದಿನದ ಎಕ್ಸ್-ರೇಯಲ್ಲಿ ಬಿರುಕು ಕಾಣದೇ ಇರಬಹುದು. ಉಳುಕಿದೆ ಎಂದು ಎಣ್ಣೆ ತಿಕ್ಕಿ ಬಿಡುತ್ತಾರೆ. ವರ್ಷಗಳ ನಂತರ ಕೈ ಊರಿ ಏಳಲು ಆಗದೆ ಆಸ್ಪತ್ರೆಗೆ ಬರುತ್ತಾರೆ.

ಆಸ್ಪತ್ರೆಗೆ ಅಂದರೆ ಮಿರಜಕ್ಕೇ. ವಿಲಿಯಂ ವ್ಯಾನ್‌ಲೆಸ್ 1894ರಲ್ಲಿ ಇಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಜನ ಈ ಊರಿನ ದಾರಿ ಹಿಡಿದಿದ್ದಾರೆ. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಎಲುಬಿನ ಡಾಕ್ಟರು ಬೇಕೆಂದರೆ ಓಣಿಗೊಬ್ಬರು ಸಿಗುವ ಊರು. ಒಳ್ಳೆಯದೇ. ಆದರೆ ಆಸ್ಪತ್ರೆ ಹತ್ತಿರವಿದೆ ಎಂಬ ಧೈರ್ಯ ನಮ್ಮನ್ನು ಅಸಡ್ಡೆಗೂ ಎಳೆದಿದೆ. ಎಲುಬು ಕೂಡಿದರಷ್ಟೇ ಸಾಲದು, ಮಣಿಕಟ್ಟು ಮೊದಲಿನಂತೆ ತಿರುಗಲೂಬೇಕು. ಸಿತಾರ, ತಂಬೂರಿ ತಯಾರಿಸುವವರ ಓಣಿಯೂ ಇದೇ ಊರಿನಲ್ಲಿದೆ. ಕುಂಬಳದ ಬುರುಡೆಗೆ ಉಳಿ ಹಿಡಿದು, ತಂತಿಗೆ ಜವಾರಿಯ ಝೇಂಕಾರ ಕೂಡಿಸುವ ಕುಶಲಿಗಳನ್ನು ಕೇಳಿ ನೋಡಿ: ಮಣಿಕಟ್ಟು ಅರ್ಧ ತಿರುಗುವುದಕ್ಕೂ ಪೂರ್ತಿ ತಿರುಗುವುದಕ್ಕೂ ಎಷ್ಟು ಅಂತರವೆಂದು ಅವರಿಗೆ ಗೊತ್ತು.

ಇನ್ನು ಗಾರ್ಡಿನ ವಿಷಯ. ಅದು ಕೆಲಸಕ್ಕೆ ಬರುತ್ತದೆಯೇ? ಒಂದು ಗಾಲಿಯ ಸೈಕಲ್ಲಿಗಿಂತ ಸ್ಕೇಟಿಂಗ್ ಬಗ್ಗೆ ಹೆಚ್ಚು ಅಧ್ಯಯನ ನಡೆದಿದೆ. ಬೀಳುವ ಕೈ ಎರಡರಲ್ಲೂ ಒಂದೇ. ಅಮೆರಿಕದಲ್ಲಿ ಇನ್‌ಲೈನ್ ಸ್ಕೇಟಿಂಗ್‌ನಲ್ಲಿ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದವರನ್ನು ಪರಿಶೀಲಿಸಿ ರಿಚರ್ಡ್ ಶೀಬರ್ ಮತ್ತು ಸಂಗಡಿಗರು 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿ ಪ್ರಕಟಿಸಿದರು. ಗಾಯಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಣಿಕಟ್ಟಿನವು. ಗಾರ್ಡ್ ಹಾಕದವರಿಗೆ ಮಣಿಕಟ್ಟಿನ ಗಾಯದ ಸಂಭವ ಹಾಕಿದವರಿಗಿಂತ ಸುಮಾರು ಹತ್ತು ಪಟ್ಟು. ಒಂದು ಗಾಲಿಯ ಸೈಕಲ್ ಸ್ಪರ್ಧೆಗಳನ್ನು ನಡೆಸುವ ಅಂತರರಾಷ್ಟ್ರೀಯ ಒಕ್ಕೂಟ 1982ರಿಂದ ಇದೆ. ಅದರ ನಿಯಮಪುಸ್ತಕ ಓಟದ ಸ್ಪರ್ಧೆಗಳಿಗೆ ಬೂಟು, ಮೊಣಕಾಲು ಪ್ಯಾಡ್ ಮತ್ತು ಕೈಗವಸು ಕಡ್ಡಾಯ ಮಾಡಿದೆ. ಅಂಗೈ ಮುಚ್ಚುವ ಬಟ್ಟೆ ದಪ್ಪವಿರಬೇಕು, ತೆಳು ನೈಲಾನ್ ನಡೆಯದು, ಸ್ಕೇಟಿಂಗ್‌ನ ರಿಸ್ಟ್ ಗಾರ್ಡ್ ಆದರೂ ಆಗಬಹುದು ಎನ್ನುತ್ತದೆ. ಕಲಿತವರಿಗೇ ಈ ಕಟ್ಟಳೆ. ನಿನ್ನೆ ಸೀಟಿಗೇರಿದವರಿಗೆ ಎಷ್ಟಿರಬೇಕು?

ನಮ್ಮ ಪೇಟೆಯಲ್ಲಿ ರಿಸ್ಟ್ ಗಾರ್ಡ್ ಎಂದು ಕೇಳಿದರೆ ಮೂರು ಬಗೆಯ ಸಾಮಾನು ಕೈಗೆ ಬರುತ್ತವೆ. ಆಸ್ಪತ್ರೆ ಎದುರಿನ ಔಷಧ ಅಂಗಡಿಯವರು ಕೊಡುವುದು ಕೈ ಮುರಿದ ಮೇಲೆ ಹಾಕುವ ಬೆಲ್ಟ್. ಒಳಗೆ ಅಲ್ಯುಮಿನಿಯಂ ಪಟ್ಟಿ, ಹೊರಗೆ ಮೆತ್ತನೆ ಬಟ್ಟೆ. ವಾಸಿಯಾಗುತ್ತಿರುವ ಕೈಯನ್ನು ಸುಮ್ಮನೆ ಇರಿಸುವುದಕ್ಕೆ ಅದು ಹುಟ್ಟಿದ್ದು. ಬಿದ್ದಾಗ ಆ ಪಟ್ಟಿ ಬಾಗುತ್ತದೆ, ಬಟ್ಟೆ ರಸ್ತೆಗೆ ಕಚ್ಚಿಕೊಳ್ಳುತ್ತದೆ. ಎರಡನೆಯದು ಜಿಮ್ಮಿನವರು ಸುತ್ತಿಕೊಳ್ಳುವ ಎಲಾಸ್ಟಿಕ್ ಪಟ್ಟಿ. ಭಾರ ಎತ್ತಲು ಸರಿ, ಬೀಳಲು ಶೂನ್ಯ. ಮೂರನೆಯದು ಆಟದ ಅಂಗಡಿಯಲ್ಲಿ ನಾಲ್ಕೈದು ನೂರು ರೂಪಾಯಿಗೆ ಮೊಣಕಾಲು, ಮೊಳಕೈ ಪ್ಯಾಡುಗಳ ಜೊತೆ ಒಂದೇ ಜಾಳಿಗೆ ಚೀಲದಲ್ಲಿ ಸಿಗುವ ಸೆಟ್. ಇದು ಜಾತಿಯಲ್ಲಿ ಸರಿಯಾದದ್ದೇ. ಆದರೆ ಅಗ್ಗದ ಸೆಟ್‌ಗಳಲ್ಲಿ ಗಾರ್ಡಿನ ಪಟ್ಟಿ ಬೆರಳಿನಿಂದ ಒತ್ತಿದರೆ ಬಾಗುವಷ್ಟು ತೆಳ್ಳಗೆ, ಇಡೀ ಸೆಟ್ಟಿಗೆ ಒಂದೇ ಅಳತೆ. ಕ್ರಿಕೆಟ್ಟಿನ ಬ್ಯಾಟಿಂಗ್ ಗ್ಲೌಸ್ ಹಾಕಿಸಿ ಕಳಿಸುವವರೂ ಇದ್ದಾರೆ. ಅದರ ಪ್ಯಾಡೆಲ್ಲ ಕೈಯ ಹಿಂಬದಿಗೆ, ಬೌಲರನ ಕಡೆಗೆ ಮುಖ ಮಾಡಿದ್ದು. ರಸ್ತೆ ಬರುವುದು ಅಂಗೈ ಕಡೆಯಿಂದ.

ನಿಜವಾದ ಗಾರ್ಡ್ ಮೂರು ಕೆಲಸ ಮಾಡಬೇಕು. ಮಣಿಕಟ್ಟು ಪೂರ್ತಿ ಹಿಂದಕ್ಕೆ ಮಡಚದಂತೆ ತಡೆಯಬೇಕು, ಪೆಟ್ಟನ್ನು ಒಂದೇ ಜಾಗದಲ್ಲಿ ಕೂರಿಸದೆ ಮುಂದೋಳಿನ ಉದ್ದಕ್ಕೂ ಹಂಚಬೇಕು, ಮತ್ತು ರಸ್ತೆಯ ಮೇಲೆ ಜಾರಬೇಕು. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಕೈ ನೆಲಕ್ಕೆ ಹತ್ತಿ ಅಲ್ಲೇ ನಿಂತರೆ ಮೈಯ ವೇಗವೆಲ್ಲ ಎಲುಬಿಗೆ ಇಳಿಯುತ್ತದೆ. ಒಂದು ಗೇಣು ಜಾರಿದರೂ ಸಾಕು, ಎಲುಬಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಅದಕ್ಕೆ ಅಂಗೈ ಕಡೆಗೆ ಗಟ್ಟಿ, ನುಣುಪಾದ ಪ್ಲಾಸ್ಟಿಕ್ ಪಟ್ಟಿ ಬೇಕು. ಆ ಪಟ್ಟಿ ಅಂಗೈಗೆ ಅಂಟಿಕೊಂಡಿರದೆ ಸ್ವಲ್ಪ ಉಬ್ಬಿಕೊಂಡು ನಿಂತಿರಬೇಕು, ಅಂಗೈಯ ಬುಡಕ್ಕಿಂತ ಮೊದಲು ನೆಲ ಮುಟ್ಟುವಂತೆ. ಹಿಂಗೈ ಕಡೆಗೂ ಒಂದು ಪಟ್ಟಿ ಇದ್ದರೆ ಒಳ್ಳೆಯದು. ಕೈ ಮಡಚಿಕೊಂಡು ಹಿಂಗೈ ಮೇಲೆ ಬಿದ್ದಾಗ ಅದು ಕೆಲಸಕ್ಕೆ ಬರುತ್ತದೆ.

ಇಲ್ಲಿ ಒಂದು ಕೊಕ್ಕೆಯಿದೆ, ಅದನ್ನೂ ಹೇಳಬೇಕು. ಗಾರ್ಡ್ ಬಹಳ ಗಿಡ್ಡವಾಗಿ, ಬಹಳ ಬಿರುಸಾಗಿ ಇದ್ದರೆ ಮಣಿಕಟ್ಟು ಉಳಿದು, ಗಾರ್ಡ್ ಮುಗಿಯುವ ಅಂಚಿನಲ್ಲಿ ಮುಂದೋಳು ಮುರಿಯಬಹುದು. ಸ್ಕೇಟಿಂಗ್ ಮಾಡುವವರಲ್ಲಿ ಇಂಥ ಪ್ರಕರಣಗಳನ್ನು 1995ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ಇದನ್ನು ಕೇಳಿ ಗಾರ್ಡೇ ಬೇಡ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಹತ್ತು ಪಟ್ಟಿನ ಲೆಕ್ಕ ಅವರ ಮುಂದಿಡಿ. ಗಾರ್ಡ್ ಮುಂದೋಳಿನ ಮೇಲೆ ಇನ್ನಷ್ಟು ಉದ್ದಕ್ಕೆ ಹೋಗಬೇಕು, ಅಂಚಿನಲ್ಲಿ ಸ್ವಲ್ಪ ಮಣಿಯಬೇಕು. ಆಯ್ಕೆ ಮಾಡುವಾಗ ಇದನ್ನೂ ನೋಡಬೇಕು.

ಯುರೋಪಿನಲ್ಲಿ ಚಕ್ರದ ಆಟಗಳ ಮಣಿಕಟ್ಟು, ಅಂಗೈ, ಮೊಣಕಾಲು, ಮೊಳಕೈ ಪ್ಯಾಡುಗಳಿಗೆ ಇ.ಎನ್. 14120 ಎಂಬ ಮಾನದಂಡವಿದೆ. ಅದು ಸವಾರನ ತೂಕದ ಮೇಲೆ ಮೂರು ವರ್ಗ ಮಾಡುತ್ತದೆ: 25 ಕಿಲೋ ತನಕ ಎ, 25ರಿಂದ 50 ಬಿ, 50 ದಾಟಿದರೆ ಸಿ. ದೊಡ್ಡ ಕ್ರೀಡಾ ಮಳಿಗೆಗಳ ಸಾಮಾನಿನ ಒಳಗೆ ಹೊಲಿದ ಚೀಟಿಯಲ್ಲಿ ಈ ಸಂಖ್ಯೆ ಇರುತ್ತದೆ. ಚೀಟಿಯೇ ಇಲ್ಲದ್ದನ್ನು ಕೊಳ್ಳುವಾಗ ಎರಡು ಸಲ ಯೋಚಿಸಿ. ತೂಕದ ಮಾತು ಯಾಕೆಂದರೆ, ಹತ್ತು ವರ್ಷದವನ ಗಾರ್ಡ್ ಹಾಕಿಕೊಂಡು ಚಿಕ್ಕಪ್ಪ ತಾನೂ ಒಂದು ಕೈ ನೋಡೋಣ ಎಂದು ಹತ್ತುವುದು ನಮ್ಮ ಮನೆಗಳಲ್ಲಿ ಮಾಮೂಲು.

ಅಂಗಡಿಯಲ್ಲಿ ನಡೆಯುವ ಮಾತು ಗೊತ್ತೇ ಇದೆ. "ಬೆಳಿಯೋ ಹುಡುಗ ರೀ ಅಣ್ಣಾರ, ಒಂದ ಸೈಜ್ ದೊಡ್ಡದ ಕೊಡ್ರಿ, ಮುಂದಿನ ವರ್ಷಕ್ಕೂ ಆಗ್ತದ." ಯೂನಿಫಾರ್ಮಿಗೆ, ಚಪ್ಪಲಿಗೆ ನಡೆಯುವ ಈ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಡಿಲ ಗಾರ್ಡ್ ಬೀಳುವ ಕ್ಷಣದಲ್ಲಿ ಸರ್ರನೆ ತಿರುಗುತ್ತದೆ, ಗಟ್ಟಿ ಪಟ್ಟಿ ಪಕ್ಕಕ್ಕೆ ಹೋಗಿ ಬರಿ ಬಟ್ಟೆ ಅಂಗೈಗೆ ಬರುತ್ತದೆ. ಮಗುವನ್ನು ಅಂಗಡಿಗೆ ಕರೆದೊಯ್ಯಿರಿ. ಎಡ-ಬಲ ನೋಡಿ ಹಾಕಿಸಿ, ಎಲ್ಲ ಪಟ್ಟಿ ಬಿಗಿಯಿರಿ. ಗಾರ್ಡನ್ನು ಹಿಡಿದು ತಿರುಗಿಸಲು ನೋಡಿ. ತಿರುಗಿದರೆ ಅದು ಬೇಡ. ಐದೂ ಬೆರಳು ಮಡಚಿ ಮುಷ್ಟಿ ಕಟ್ಟಲು ಬರಬೇಕು. ಬೆರಳ ತುದಿ ನೀಲಿಯಾದರೆ, ಜುಮುಜುಮು ಎಂದರೆ ಬಿಗಿ ಹೆಚ್ಚಾಯಿತು. ಆಮೇಲೆ ಅಂಗಡಿಯ ಕೌಂಟರಿನ ಮೇಲೆ ಅಂಗೈ ಊರಿಸಿ, ಮೊಳಕೈ ನೆಟ್ಟಗಿಟ್ಟು ನಿಧಾನವಾಗಿ ಮೈಭಾರ ಬಿಡಲು ಹೇಳಿ. ಮಣಿಕಟ್ಟು ಲಂಬಕೋನಕ್ಕೆ ಬರುವ ಮೊದಲೇ ಪಟ್ಟಿ ಅದನ್ನು ತಡೆದು ನಿಲ್ಲಿಸಬೇಕು. ಅಂಗಡಿಯವನು ಮುಖ ಗಂಟಿಕ್ಕಿದರೆ ಬೇರೆ ಅಂಗಡಿ ನೋಡಿಕೊಳ್ಳಿ.

ಏಪ್ರಿಲ್-ಮೇ ಬಿಸಿಲಿನಲ್ಲಿ ಗಾರ್ಡಿನೊಳಗೆ ಬೆವರು ಇಳಿಯುತ್ತದೆ, ಹುಡುಗ ಬಿಚ್ಚಿ ಕಟ್ಟೆಯ ಮೇಲೆ ಇಡುತ್ತಾನೆ, ಅದೇ ದಿನ ಬೀಳುತ್ತಾನೆ. ಒಳಗೆ ಗಾಳಿಯಾಡುವ ಜಾಳಿಗೆ ಬಟ್ಟೆಯಿದ್ದದ್ದನ್ನು ಆರಿಸಿ, ಆಟವನ್ನು ಬೆಳಗಿನ ತಂಪಿಗೆ ಮುಗಿಸಿ. ನಮ್ಮ ಕರಿಮಣ್ಣಿನ ಧೂಳು ವೆಲ್ಕ್ರೋ ಪಟ್ಟಿಯನ್ನು ಒಂದೆರಡು ತಿಂಗಳಲ್ಲಿ ಹಿಡಿತ ಬಿಡುವಂತೆ ಮಾಡುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ವಾರಕ್ಕೊಮ್ಮೆ ತಿಕ್ಕಿ ತೆಗೆಯಬೇಕು. ಪಟ್ಟಿಯ ಹೊಲಿಗೆ ಬಿಚ್ಚಿದ, ಪ್ಲಾಸ್ಟಿಕ್ಕಿನಲ್ಲಿ ಬಿಳಿ ಗೆರೆ ಮೂಡಿದ ಗಾರ್ಡನ್ನು ತಮ್ಮನಿಗೆ ದಾಟಿಸಬೇಡಿ, ಎಸೆಯಿರಿ.

ಹೆಲ್ಮೆಟ್, ಮೊಣಕಾಲು ಪ್ಯಾಡ್, ಲೇಸು ಒಳಗೆ ಸಿಕ್ಕಿಸಿದ ಬೂಟು ಬೇಕೇ ಬೇಕು, ಅದನ್ನು ವಿವರಿಸುವ ಅಗತ್ಯವಿಲ್ಲ. ಮಣಿಕಟ್ಟನ್ನೇ ಹಿಡಿದು ಬರೆಯಲು ಕಾರಣ, ಹೆಲ್ಮೆಟ್ ಮರೆತವನನ್ನು ಊರೆಲ್ಲ ಬೈಯುತ್ತದೆ, ಬರಿಗೈಯಲ್ಲಿ ಬಂದವನನ್ನು ಯಾರೂ ಕೇಳುವುದಿಲ್ಲ.

ಬೇಸಿಗೆ ಶಿಬಿರ ನಡೆಸುವವರಿಗೆ ನಮ್ಮ ಮಾತು ಖಾರವಾಗಿಯೇ ಇದೆ. ಫೀ ತೆಗೆದುಕೊಳ್ಳುವಾಗ ಟೀಶರ್ಟು, ಟೋಪಿ, ಸರ್ಟಿಫಿಕೇಟು ಕೊಡುತ್ತೀರಿ. ಟೀಶರ್ಟಿನ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಮೂರು ಅಳತೆಯ ಗಾರ್ಡುಗಳು ಬರುತ್ತವೆ, ಅವು ಶಿಬಿರದ ಆಸ್ತಿಯಾಗಿ ವರ್ಷಗಟ್ಟಲೆ ಇರುತ್ತವೆ. ಗಾರ್ಡ್ ಇಲ್ಲದ ಮಗುವನ್ನು ಗಾಲಿಗೆ ಹತ್ತಿಸಬೇಡಿ, ಫೋಟೋಗೂ ಹತ್ತಿಸಬೇಡಿ. ಮೊದಲ ಎರಡು ದಿನ ಸೈಕಲ್ ಓಡಿಸಲು ಬಿಡದೆ ಹುಲ್ಲಿನ ಮೇಲೆ ಬೀಳಲು ಕಲಿಸಿ: ಗಾಲಿಯನ್ನು ಕೈಬಿಟ್ಟು ಕಾಲ ಮೇಲೆ ಇಳಿಯುವುದು, ಹಿಂದಕ್ಕೆ ಬಿದ್ದರೆ ಮೊಳಕೈ ಸ್ವಲ್ಪ ಮಡಚಿ ಉರುಳುವುದು. ಜಪಾನಿನ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ಒಂದು ಗಾಲಿಯ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ಎಳೆಯ ಮಕ್ಕಳು ಕಂಬಿ ಹಿಡಿದುಕೊಂಡು ಕಲಿಯುತ್ತಾರೆ. ಆಟ ಕೆಟ್ಟದ್ದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಸಮತೋಲ ಕಲಿಸುವ ಇಂಥ ಆಟ ಇನ್ನೊಂದಿಲ್ಲ, ಮೊಬೈಲು ಬಿಡಿಸುವುದಕ್ಕಾದರೂ ಬೇಕು.

ಇಷ್ಟೆಲ್ಲ ಮಾಡಿಯೂ ಮಗು ಬಿದ್ದು ಕೈ ನೋವೆಂದರೆ, ದಯವಿಟ್ಟು ತಿಕ್ಕಲು ಹೋಗಬೇಡಿ. ನಮ್ಮ ಕಡೆ ಇನ್ನೂ ಎಲುಬು ಕೂಡಿಸುವವರ ಹತ್ತಿರ ಒಯ್ದು ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸುವ ರೂಢಿಯಿದೆ. ಆ ಬಿಗಿಗೆ ರಕ್ತ ನಿಂತು ಮಕ್ಕಳ ಬೆರಳುಗಳು ಸೆಟೆದುಕೊಂಡ, ಕೈಯೇ ಕೊಳೆತ ಪ್ರಕರಣಗಳು ವೈದ್ಯರಿಗೆ ಹೊಸವಲ್ಲ. ಮುಂದೋಳಿನಿಂದ ಅಂಗೈ ತನಕ ಒಂದು ರಟ್ಟನ್ನು ಕೆಳಗೆ ಕೊಟ್ಟು, ದುಪಟ್ಟಾದಿಂದ ಕೊರಳಿಗೆ ತೂಗು ಹಾಕಿ, ಉಂಗುರ-ಬಳೆ ತೆಗೆದು ಆಸ್ಪತ್ರೆಗೆ ಕರೆದೊಯ್ಯಿರಿ. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಬೀಳುವ ಸಣ್ಣ ಗುಳಿಯನ್ನು ಒತ್ತಿದರೆ ನೋಯುತ್ತದೆಯೇ ಎಂದು ಡಾಕ್ಟರಿಗೆ ಕೇಳಿ. ನೋಯುತ್ತಿದ್ದರೆ, ಮೊದಲ ಎಕ್ಸ್-ರೇ ಸರಿಯಾಗಿದೆ ಎಂದರೂ ಪಟ್ಟಿ ಹಾಕಿಸಿಕೊಂಡು, ಹತ್ತರಿಂದ ಹದಿನಾಲ್ಕು ದಿನಕ್ಕೆ ಮತ್ತೊಮ್ಮೆ ಎಕ್ಸ್-ರೇ ತೆಗೆಸಿ.